ಮನೆಯಲ್ಲಿ ಜೋಡಿಸುವ ಗಣಕಯಂತ್ರಕ್ಕೆ ತಕ್ಕ ಎಸ್‌ಎಂಪಿಎಸ್

ಮಗನೋ ಮಗಳೋ ಕಾಲೇಜಿಗೆ ಸೇರಿದ ವರ್ಷ, ಸಿದ್ಧವಾದ ಕಂಪ್ಯೂಟರನ್ನು ಕೊಳ್ಳುವುದಕ್ಕಿಂತ ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವುದು ಲೇಸೆಂಬ ಮಾತು ಈಗ ಅನೇಕ ಸಂಸಾರಗಳಲ್ಲಿ ಏಳುವುದುಂಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಂಗಡಿಯಿಂದಂಗಡಿಗೆ ತಿರುಗುವ ತಂದೆಮಕ್ಕಳನ್ನು ವಾಚಕರು ನೋಡಿಯೇ ಇರಬಹುದು. ಆ ಪಟ್ಟಿಯಲ್ಲಿ ಪ್ರೊಸೆಸರಿಗೆ ಅಗ್ರಪೂಜೆ. ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಗೆ ಕಟ್ಟಕಡೆಯ ಸಾಲು. ಹಣವೆಲ್ಲ ಮುಗಿದ ಮೇಲೆ, “ಕ್ಯಾಬಿನೆಟ್ಟಿನ ಜೊತೆಗೇ ಒಂದು ಬರುತ್ತದೆಯಲ್ಲ, ಅದೇ ಸಾಕು” ಎಂದು ಅಂಗಡಿಯವನು ಹೇಳುವನು, ಕೊಳ್ಳುವವರೂ ತಲೆದೂಗುವರು. ಐವತ್ತು ಸಾವಿರ ರೂಪಾಯಿಯ ಯಂತ್ರವನ್ನು ಸಾವಿರ ರೂಪಾಯಿಯ ಪೆಟ್ಟಿಗೆಯ ಕೈಗೆ ಒಪ್ಪಿಸುವ ಈ ಮಿತವ್ಯಯವು ನಮಗೆ ಸರಿತೋರುವುದಿಲ್ಲ.

ಏತಕ್ಕೆಂದರೆ, ಮಿಕ್ಕ ಭಾಗಗಳು ಕೆಟ್ಟರೆ ತಾವು ಮಾತ್ರ ಕೆಡುವುವು; ಇದು ಕೆಟ್ಟರೆ ತನ್ನೊಡನೆ ಇತರರನ್ನೂ ಕರೆದೊಯ್ಯಬಲ್ಲದು. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತನ್ನಾಗಿ ಮಾಡಿಕೊಡುವುದು ಇದರ ಕೆಲಸ. ಇಂಟೆಲ್ ಕಂಪನಿಯು 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಎಂಬ ಕಟ್ಟಳೆಯ ವಂಶವೇ ಇಂದಿಗೂ ನಡೆದುಬಂದಿದೆ. ಅದರ ಪ್ರಕಾರ 12 ವೋಲ್ಟಿನ ತಂತಿಯು ಸಾಧಾರಣವಾಗಿ ನೂರಕ್ಕೆ ಐದರಷ್ಟು, ಎಂದರೆ 11.4ರಿಂದ 12.6ರವರೆಗೆ ಮಾತ್ರ ಆಚೀಚೆ ಸರಿಯಬಹುದು. ಒಳ್ಳೆಯ ಪೆಟ್ಟಿಗೆಯು ಈ ಎಲ್ಲೆಯನ್ನು ಬಹಳವಾಗಿ ಮೀರುವ ಸಂದರ್ಭ ಬಂದರೆ ತಾನೇ ಕೆಲಸ ನಿಲ್ಲಿಸಿ ಸುಮ್ಮನಾಗುವುದು. ಅಗ್ಗದ ಪೆಟ್ಟಿಗೆಯಲ್ಲಿ ಆ ಕಾವಲು ಮಂಡಲವನ್ನೇ ಉಳಿತಾಯ ಮಾಡಿರುವುದುಂಟು. ಆಗ ಸುಟ್ಟುಹೋಗುವುದು ಮದರ್‌ಬೋರ್ಡ್ ಒಂದೇ ಅಲ್ಲ. ಮನೆಮಂದಿಯ ಮದುವೆ ಮುಂಜಿಗಳ ಚಿತ್ರಗಳಿರುವ ಡಿಸ್ಕು ಸಹ. ಮದರ್‌ಬೋರ್ಡನ್ನು ಅಂಗಡಿಯಿಂದ ಮತ್ತೆ ತರಬಹುದು.

ಎಷ್ಟು ವಾಟಿನದು ಬೇಕೆಂಬುದನ್ನು ಮೊದಲು ಲೆಕ್ಕ ಹಾಕತಕ್ಕದ್ದು. ಇಲ್ಲಿ ಜನರು ಎರಡೂ ಕಡೆಗೆ ತಪ್ಪುವರು. 65 ವಾಟಿನದೆಂದು ಹೇಳಲ್ಪಡುವ ಎಎಂಡಿ ಪ್ರೊಸೆಸರು ಕೆಲಸದ ಭರದಲ್ಲಿ 88 ವಾಟಿನವರೆಗೆ ಎಳೆಯಬಹುದು. ಸಾಧಾರಣ ಗ್ರಾಫಿಕ್ಸ್ ಕಾರ್ಡಾದ ಆರ್‌ಟಿಎಕ್ಸ್ 4060ಕ್ಕೆ 115 ವಾಟು. ಬೋರ್ಡು, ಡಿಸ್ಕು, ಫ್ಯಾನುಗಳಿಗೆಂದು ಒಂದು ಐವತ್ತನ್ನು ಸೇರಿಸೋಣ. ಒಟ್ಟು 253 ಆಯಿತು. ಇದರ ಸುಮಾರು ಎರಡರಷ್ಟು, ಅಂದರೆ 500 ಅಥವಾ 550 ವಾಟಿನ ನಂಬಿಕೆಯುಳ್ಳ ಪೆಟ್ಟಿಗೆಯಿದ್ದರೆ ಧಾರಾಳವಾಯಿತು. ಇಂಥ ಯಂತ್ರಕ್ಕೆ 1000 ವಾಟಿನದನ್ನು ಕೊಳ್ಳುವುದು, ಇಬ್ಬರಿರುವ ಮನೆಗೆ ಮದುವೆಮನೆಯ ಕೊಪ್ಪರಿಗೆಯನ್ನು ತಂದಂತೆ. ದೊಡ್ಡ ಗ್ರಾಫಿಕ್ಸ್ ಕಾರ್ಡುಗಳ ಮಾತು ಬೇರೆ. ಅವು ಕ್ಷಣಮಾತ್ರದಲ್ಲಿ ತಮ್ಮ ಲೆಕ್ಕವನ್ನು ಬಹಳವಾಗಿ ಮೀರಿ ಎಳೆಯುವುವು. ಅದಕ್ಕಾಗಿಯೇ 2022ರ ಎಟಿಎಕ್ಸ್ 3.0 ಕಟ್ಟಳೆಯಲ್ಲಿ, ದೊಡ್ಡ ಪೆಟ್ಟಿಗೆಗಳು 100 ಮೈಕ್ರೋಸೆಕೆಂಡುಗಳಷ್ಟು ಕಾಲ ಇಮ್ಮಡಿ ಭಾರವನ್ನು ತಾಳಬೇಕೆಂದು ವಿಧಿಸಿದ್ದಾರೆ.

ಆದರೆ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಸಂಖ್ಯೆಯನ್ನು ಕಂಡು ಮರುಳಾಗಕೂಡದು. ಪಕ್ಕದಲ್ಲಿ ಅಂಟಿಸಿರುವ ಚೀಟಿಯನ್ನು ತಿರುಗಿಸಿ ಓದಬೇಕು. ಇಂದಿನ ಕಂಪ್ಯೂಟರಿನ ಹೊರೆಯೆಲ್ಲ ಬಹುಮಟ್ಟಿಗೆ 12 ವೋಲ್ಟಿನ ಮೇಲೆಯೇ ಬೀಳುವುದು. ಆ ಸಾಲಿನಲ್ಲಿ 45 ಆಂಪಿಯರ್ ಎಂದಿದ್ದರೆ, 12ರಿಂದ ಗುಣಿಸಲು 540 ವಾಟಾಯಿತು. 550 ವಾಟಿನದೆಂಬ ಹೆಸರಿಗೆ ಅದು ಸಲ್ಲುವುದು. ಹೆಸರು 500 ವಾಟಿನದಾಗಿದ್ದು, 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್ ಮಾತ್ರ ಬರೆದಿದ್ದರೆ? ಕೇವಲ 216 ವಾಟು! ನಾವು ಮೇಲೆ ಲೆಕ್ಕ ಹಾಕಿದ ಯಂತ್ರವನ್ನು ಅದು ಹೊರಲಾರದು. ಚೀಟಿಯಲ್ಲಿ ಆಂಪಿಯರುಗಳನ್ನೇ ಬರೆಯದ ಪೆಟ್ಟಿಗೆಯನ್ನಂತೂ ಮುಟ್ಟುವುದೇ ಬೇಡ.

ಕಂಚು, ಚಿನ್ನ ಎಂಬ 80 ಪ್ಲಸ್ ಮುದ್ರೆಗಳನ್ನು ಶುದ್ಧತೆಯ ಹಾಲ್‌ಮಾರ್ಕಿನಂತೆ ಭಾವಿಸುವವರು ಅನೇಕರು. 2004ರಲ್ಲಿ ಆರಂಭವಾದ ಈ ಏರ್ಪಾಡು ಅಳೆಯುವುದು ದಕ್ಷತೆಯನ್ನು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಭಾರ ಹೊತ್ತಾಗ ಕಂಚಿನದು ನೂರಕ್ಕೆ 85, ಚಿನ್ನದ್ದು 90 ಭಾಗವನ್ನು ಉಪಯೋಗಕ್ಕೆ ಕೊಡಬೇಕು. ಗೋಡೆಯಿಂದ 300 ವಾಟು ತೆಗೆದುಕೊಂಡು 270 ಕೊಡುವ ಪೆಟ್ಟಿಗೆಯಲ್ಲಿ ಮಿಕ್ಕ 30 ವಾಟು ಶಾಖವಾಗಿ ಹೋಗುವುದು. ಪೆಟ್ಟಿಗೆ ಎಷ್ಟು ಕಾಲ ಬಾಳುವುದು, ಅಪಾಯದಲ್ಲಿ ಕಾಯುವುದೋ ಇಲ್ಲವೋ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಶಾಖ ಕಡಿಮೆಯಾದಷ್ಟೂ ಬಾಳಿಕೆ ಹೆಚ್ಚೆಂಬುದು ಮಾತ್ರ ದಿಟ. ಒಳಗಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಶಾಖಕ್ಕೆ ಸುಮಾರಾಗಿ ಅರ್ಧವಾಗುವುದೆಂದು ಲೆಕ್ಕ. ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿ ಕೋಣೆಯೇ 40 ಡಿಗ್ರಿ ಕಾದಿರುವಾಗ, 85ರದ್ದಲ್ಲ, 105 ಡಿಗ್ರಿಯ ಕೆಪಾಸಿಟರುಗಳುಳ್ಳದ್ದನ್ನೇ ಕೇಳಿ ಕೊಳ್ಳುವುದು ವಿವೇಕ. ಇನ್ನು ತಯಾರಕನಿಗೇ ತನ್ನ ಸರಕಿನಲ್ಲಿ ಎಷ್ಟು ಭರವಸೆಯಿದೆಯೆಂದು ತಿಳಿಯಲು ಗ್ಯಾರಂಟಿಯ ಅವಧಿಯನ್ನು ನೋಡಿದರೆ ಸಾಕು. ಉತ್ತಮವಾದುವಕ್ಕೆ ಐದು, ಏಳು, ಹತ್ತು ವರ್ಷಗಳವರೆಗೂ ಕೊಡುವರು.

ನಮ್ಮ ಊರುಗಳ ಕರೆಂಟಿನ ಸ್ವಭಾವವನ್ನು ಮನೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ವಿದ್ಯುತ್ತು ಕಣ್ಣುಮಿಟುಕಿಸಿದರೂ ಒಳ್ಳೆಯ ಪೆಟ್ಟಿಗೆಯು ತನ್ನೊಳಗಿನ ಶೇಖರಣೆಯಿಂದ ಸುಮಾರು 16 ಮಿಲಿಸೆಕೆಂಡುಗಳ ಕಾಲ ಯಂತ್ರವನ್ನು ನಡೆಸಬಲ್ಲದು. ಯುಪಿಎಸ್ ಎಚ್ಚೆತ್ತುಕೊಳ್ಳುವುದು ಈ ಸ್ವಲ್ಪ ಅವಕಾಶದಲ್ಲಿಯೇ. ಅಷ್ಟರಲ್ಲಿ ಅದು ಕೈಗೊಳ್ಳದಿದ್ದರೆ ಯಂತ್ರ ಆರಿಹೋಗುವುದು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಅಂಗಡಿಯಲ್ಲಿಲ್ಲ, ಗೋಡೆಯಲ್ಲಿದೆ. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಕೈ ಜುಮ್ಮೆನ್ನುವುದೆಂದು ದೂರುವವರಿದ್ದಾರೆ. ಎಸ್‌ಎಂಪಿಎಸ್ಸಿನ ಬಾಗಿಲಲ್ಲಿರುವ ಶೋಧಕ ಮಂಡಲದಿಂದ ಅತ್ಯಲ್ಪ ವಿದ್ಯುತ್ತು ಲೋಹದ ಕವಚಕ್ಕೆ ಹರಿಯುವುದು. ಅದು ಅರ್ಥ್ ತಂತಿಯ ಮೂಲಕ ನೆಲವನ್ನು ಸೇರಬೇಕು. ಅರ್ಥ್ ಇಲ್ಲದ ಮನೆಯಲ್ಲಿ ಕವಚವು ಗೋಡೆಯ ವೋಲ್ಟೇಜಿನ ಸುಮಾರು ಅರ್ಧದಲ್ಲಿ ನಿಂತಿರುವುದು. ಆ ಹರಿವು ತೀರ ಸಣ್ಣದಾದುದರಿಂದ ಜೀವಕ್ಕೆ ಭಯವಿಲ್ಲವೆನ್ನಬಹುದು. ಆದರೆ ನಿಜವಾದ ದೋಷವು ಸಂಭವಿಸಿದ ದಿನ ಕಾಯುವವರಾರು? ಮೂರು ಮೊಳೆಯ ಪ್ಲಗ್ಗಿಗೆ ಎರಡು ಮೊಳೆಯ ಅಡಾಪ್ಟರನ್ನು ಸಿಕ್ಕಿಸುವ ರೂಢಿಯನ್ನು ಬಿಟ್ಟು, ಎಲೆಕ್ಟ್ರಿಷಿಯನ್ನನಿಂದ ಅರ್ಥನ್ನು ಪರೀಕ್ಷೆ ಮಾಡಿಸಿದ ಮೇಲೆಯೇ ಹೊಸ ಯಂತ್ರಕ್ಕೆ ಆರತಿ ಎತ್ತಬೇಕು.

ಕೇಬಲ್ಲುಗಳನ್ನು ಬಿಚ್ಚಿ ಸೇರಿಸಬಹುದಾದ ಮಾದರಿಯನ್ನು ಕೊಂಡವರು ಇನ್ನೊಂದನ್ನು ಗಮನಿಸತಕ್ಕದ್ದು. ಪೆಟ್ಟಿಗೆಯ ಕಡೆಯ ತುದಿಗೆ ಸರ್ವಸಮ್ಮತವಾದ ಕಟ್ಟಳೆಯಿಲ್ಲ. ಒಂದು ಕಂಪನಿಯ ಕೇಬಲ್ಲು ಇನ್ನೊಂದರ ಕಿಂಡಿಯಲ್ಲಿ ಸಲೀಸಾಗಿ ಕೂತರೂ, 5 ವೋಲ್ಟು ಹೋಗಬೇಕಾದೆಡೆಗೆ 12 ವೋಲ್ಟು ಹೋಗಿ ಡಿಸ್ಕು ಕ್ಷಣದಲ್ಲಿ ಸುಟ್ಟೀತು. ಹಳೆಯ ಪೆಟ್ಟಿಗೆಯನ್ನು ತೆಗೆಯುವಾಗ ಅದರ ಕೇಬಲ್ಲುಗಳನ್ನೂ ಅದರೊಡನೆಯೇ ತೆಗೆದಿಡಿರಿ. ಧೂಳು ಹೊಡೆಯಬೇಕೆಂದು ಮಕ್ಕಳು ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚದಂತೆಯೂ ನೋಡಿಕೊಳ್ಳಬೇಕು. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಕೆಲಕಾಲ ನಿಂತಿರಬಹುದು. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ತೆಗೆದು, ಹೊರಗಿನ ಜಾಲರಿಯ ಮೇಲೆ ಮೆತ್ತನೆಯ ಕುಂಚವನ್ನು ಆಡಿಸಿದರೆ ಸಾಕು.