ನೆರೆಯವನ ಬೇಲಿ ಮುರಿದಾಗ ನಾವೇನೆಂದೆವು?

ಅಂದು 1990ರ ಆಗಸ್ಟ್ 2, ಗುರುವಾರ. ಸಂಜೆಯ ಆಕಾಶವಾಣಿ ವಾರ್ತೆಯಲ್ಲಿ ಇರಾಕಿನ ಸೇನೆ ಕುವೈತ್ ದೇಶವನ್ನು ಪ್ರವೇಶಿಸಿದ ಸುದ್ದಿ ಬಿತ್ತರಗೊಂಡಾಗ ಭದ್ರಾವತಿಯ ನ್ಯೂಟೌನಿನ ಒಂದು ಮನೆಯಲ್ಲಿ ಒಲೆಯ ಮೇಲಿದ್ದ ಗಂಜಿ ಉಕ್ಕಿ ಹರಿಯಿತು. ಒಲೆಯ ಮುಂದಿದ್ದ ಸೊಸೆ ರೇಡಿಯೋದ ಬಳಿಗೆ ಓಡಿಬಂದಿದ್ದಳು. ಆಕೆಯ ಪತಿ ಕುವೈತ್ ನಗರದಲ್ಲಿ ಒಬ್ಬ ವರ್ತಕರ ಮನೆಯ ಚಾಲಕನಾಗಿದ್ದ. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಮಾವ, “ಹೆದರಬೇಡ ಮಗಳೇ, ದೊಡ್ಡವರ ಜಗಳ, ನಾಲ್ಕು ದಿನದಲ್ಲಿ ಮುಗಿಯುತ್ತದೆ” ಎಂದರಂತೆ. ಅದು ಮುಗಿಯಲು ಏಳು ತಿಂಗಳು ಹಿಡಿಯಿತು.

ಕುವೈತ್ ಎಂಬುದು ನಮ್ಮ ಶಿವಮೊಗ್ಗ ಜಿಲ್ಲೆಯಂಥ ಎರಡು ಜಿಲ್ಲೆಗಳನ್ನು ಕೂಡಿಸಿದರೆ ಆಗುವಷ್ಟು ವಿಸ್ತಾರದ ಪುಟ್ಟ ದೇಶ. ಅದರ ಸೈನಿಕರು ಕೆಲವೇ ಸಾವಿರ. ಇರಾಕಾದರೋ ಇರಾನಿನೊಡನೆ ಎಂಟು ವರ್ಷ ಕಾದಾಡಿ ಪಳಗಿದ, ಹತ್ತು ಲಕ್ಷದಷ್ಟು ಸೈನಿಕಬಲವುಳ್ಳ ರಾಷ್ಟ್ರ. ಆ ಯುದ್ಧದ ಕಾಲದಲ್ಲಿ ಕುವೈತಿನಿಂದ ಪಡೆದ ಸಾಲವನ್ನು ತೀರಿಸಲು ಅದು ಒಪ್ಪಲಿಲ್ಲ. ಕುವೈತ್ ಮಿತಿಮೀರಿ ತೈಲ ತೆಗೆದು ಬೆಲೆ ಇಳಿಸುತ್ತಿದೆ, ಗಡಿಯ ರುಮೈಲಾ ನಿಕ್ಷೇಪದಿಂದ ಕದಿಯುತ್ತಿದೆ ಎಂದು ಆಪಾದಿಸಿತು. ಕುವೈತ್ ಹಿಂದೆ ಬಸ್ರಾ ಪ್ರಾಂತ್ಯದ ಭಾಗವಾಗಿತ್ತೆಂಬ ಹಳೆಯ ಹಕ್ಕನ್ನೂ ಮುಂದಿಟ್ಟಿತು. ಒಂದೆರಡು ದಿನಗಳಲ್ಲೇ ದೇಶವೊಂದು ನುಂಗಲ್ಪಟ್ಟಿತು. ಅದರ ಅಮೀರರು ಸೌದಿ ಅರೇಬಿಯಕ್ಕೆ ಪಲಾಯನಗೈದರು. ಆಗಸ್ಟ್ ಮುಗಿಯುವಷ್ಟರಲ್ಲಿ ಕುವೈತನ್ನು ಇರಾಕಿನ 19ನೆಯ ಪ್ರಾಂತ್ಯವೆಂದು ಸಾರಲಾಯಿತು.

ಮೂಕವಾದ ದೂರವಾಣಿ

ಅಂದು ಕುವೈತಿನಲ್ಲಿ ಸುಮಾರು 1 ಲಕ್ಷ 70 ಸಾವಿರ ಭಾರತೀಯರಿದ್ದರು. ಕೇರಳದವರ ನಂತರ ಎದ್ದು ಕಾಣುತ್ತಿದ್ದವರಲ್ಲಿ ನಮ್ಮ ಕರಾವಳಿಯ ಕ್ರೈಸ್ತರೂ ಸೇರಿದ್ದರು. ಕುವೈತ್ ನಗರದ ಪವಿತ್ರ ಕುಟುಂಬದ ದೇವಾಲಯದಲ್ಲಿ ಶುಕ್ರವಾರದ ಬಲಿಪೂಜೆಗೆ ನೆರೆಯುತ್ತಿದ್ದ ಜನಸ್ತೋಮದಲ್ಲಿ ಕೊಂಕಣಿ ಮಾತು ಧಾರಾಳವಾಗಿ ಕೇಳಿಬರುತ್ತಿತ್ತೆಂದು ಅಲ್ಲಿಂದ ಬಂದವರು ಹೇಳುವುದುಂಟು. ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಮಲೆನಾಡಿನಲ್ಲಿ ನೆಲೆನಿಂತ ಕುಟುಂಬಗಳು ಶಿವಮೊಗ್ಗ, ಭದ್ರಾವತಿಗಳಲ್ಲಿ ಅನೇಕ. ಕಾರ್ಖಾನೆಗಳ ಕೆಲಸಕ್ಕೆಂದು ಬಂದ ತಮಿಳು, ಮಲಯಾಳ ಭಾಷಿಕ ಕುಟುಂಬಗಳೂ ಇವೆ. ಹಿರಿಯರು ಕಾರ್ಖಾನೆಯ ಸೈರನ್ನಿಗೆ ಎದ್ದು ದುಡಿದರೆ, ಕಿರಿಯರು ಅರಬ್ಬೀ ನಾಡಿನ ವೀಸಾಕ್ಕೆ ಕಾದರು. ತಂಗಿಯ ಮದುವೆ, ಹೆಂಚಿನ ಮನೆಗೆ ತಾರಸಿ, ತಮ್ಮನ ಓದು, ಇವೆಲ್ಲವೂ ಅಲ್ಲಿಂದ ಬರುವ ಡ್ರಾಫ್ಟಿನ ಮೇಲೆ ನಿಂತಿದ್ದವು.

ಆಕ್ರಮಣವಾದ ಮೇಲೆ ದೂರವಾಣಿ ಮೂಕವಾಯಿತು. ಅಂಚೆ ನಿಂತಿತು. ಆಗಸ್ಟ್ 5ರ ಭಾನುವಾರ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ದೇವಾಲಯದ ಅಂಗಳದಲ್ಲಿ ಪೂಜೆಯಾದ ನಂತರವೂ ಜನ ಕರಗಲಿಲ್ಲ. ಧರ್ಮಕ್ಷೇತ್ರ ರಚನೆಯಾಗಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲಂಥ ಸಮುದಾಯವದು. “ನಿಮ್ಮ ಹುಡುಗನ ಸುದ್ದಿ ಬಂತೇ?” ಎಂಬುದೊಂದೇ ಪ್ರಶ್ನೆ. ಉತ್ತರ ಯಾರಲ್ಲಿಯೂ ಇರಲಿಲ್ಲ. ದಿನಪತ್ರಿಕೆ ತರಿಸದ ಮನೆಗಳವರೂ ಬೆಳಗಾಗುತ್ತಲೇ ಪತ್ರಿಕೆಯ ಹುಡುಗನಿಗಾಗಿ ರಸ್ತೆಯಲ್ಲಿ ನಿಲ್ಲತೊಡಗಿದರು.

ಆಗಸ್ಟ್ 13ರಂದು ಜೋರ್ಡಾನಿನ ಅಮ್ಮಾನ್ ನಗರದಿಂದ ಭಾರತೀಯರ ತೆರವು ಆರಂಭಗೊಂಡಿತು. ಅಕ್ಟೋಬರ್ 11ರವರೆಗೆ ಏರ್ ಇಂಡಿಯಾ ವಿಮಾನಗಳು 488 ಬಾರಿ ಹಾರಿ ಲಕ್ಷಕ್ಕೂ ಮಿಕ್ಕಿದ ಜನರನ್ನು ತಾಯ್ನಾಡಿಗೆ ತಂದವು. ನಾಗರಿಕ ವಿಮಾನಗಳಿಂದ ನಡೆದ ಅಷ್ಟು ದೊಡ್ಡ ತೆರವು ಜಗತ್ತಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಆದರೆ ಕುವೈತಿನಿಂದ ಅಮ್ಮಾನಿಗೆ ತಲಪುವ ದಾರಿಯನ್ನು ಜನರು ಬಹುಮಟ್ಟಿಗೆ ತಾವೇ ಕಂಡುಕೊಳ್ಳಬೇಕಾಗಿತ್ತು. ‘ಟೊಯೋಟಾ ಸನ್ನಿ’ ಎಂದೇ ಹೆಸರಾದ ಮಾತುಣ್ಣಿ ಮ್ಯಾಥ್ಯೂಸ್ ಅವರಂಥ ಭಾರತೀಯ ಉದ್ಯಮಿಗಳು ಕುವೈತಿನಲ್ಲಿಯೇ ಸಮಿತಿ ಕಟ್ಟಿ, ಊಟ, ವಸತಿ, ಬಸ್ಸುಗಳ ಏರ್ಪಾಟಿಗೆ ಹೆಗಲುಕೊಟ್ಟರು. ಬಸ್ರಾ, ಬಾಗ್ದಾದ್ ಮಾರ್ಗವಾಗಿ ಮರುಭೂಮಿಯನ್ನು ಹಾದು, ಗಡಿಯ ಡೇರೆಗಳಲ್ಲಿ ಒಂದು ಬಾಟಲಿ ನೀರಿಗಾಗಿ ಸಾಲುಗಟ್ಟಿ, ಜನ ಅಮ್ಮಾನನ್ನು ಸೇರಿದರು.

ಭದ್ರಾವತಿಯ ಆ ಚಾಲಕ ಹೀಗೆಯೇ ಬಂದ. ಮುಂಬಯಿಯಿಂದ ಬೀರೂರಿಗೆ, ಬೀರೂರಿನಿಂದ ಭದ್ರಾವತಿಗೆ. ಕೈಯಲ್ಲಿ ಒಂದು ಚೀಲ. ಒಳಗೆ ಬೆಲೆ ಕಳೆದುಕೊಂಡ ಕುವೈತಿ ದಿನಾರಿನ ಒಂದಷ್ಟು ನೋಟುಗಳು. ಬಂದದ್ದು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಎರಡು ದಿನ ಮುಂಚೆ. ಹೊಸ ಅಕ್ಕಿಯ ಊಟಕ್ಕೆ ಮನೆಯವರೆಲ್ಲ ಕೂತಾಗ ಮಾವನವರು ಎಲೆಗಳನ್ನು ಎರಡು ಸಲ ಎಣಿಸಿದರೆಂದು ಸೊಸೆ ಇಂದಿಗೂ ನೆನೆಯುತ್ತಾಳೆ.

ಹೋಟೆಲಿನ ವೀರರು

ಇತ್ತ ನಮ್ಮ ಊರುಗಳ ಬೀದಿಗಳಲ್ಲಿ ಬೇರೊಂದು ಚರ್ಚೆ ನಡೆದಿತ್ತು. ಶಿವಮೊಗ್ಗದ ಬಸ್ ನಿಲ್ದಾಣದ ಸುತ್ತಲಿನ ಹೋಟೆಲುಗಳಲ್ಲಿ ಸದ್ದಾಂ ಹುಸೇನರ ಹೆಸರು ದಿನಕ್ಕೆ ನೂರು ಬಾರಿ ಕೇಳಿಬರುತ್ತಿತ್ತು. ಅಮೆರಿಕದಂಥ ಅಮೆರಿಕಕ್ಕೇ ಸವಾಲೆಸೆದ ಗಂಡೆದೆಯವನೆಂದು ಮೆಚ್ಚಿದವರು ಕಡಿಮೆಯೇನಲ್ಲ. ಅವರಲ್ಲಿ ಎಲ್ಲ ಮತದವರೂ ಇದ್ದರೆಂಬುದನ್ನು ಮರೆಯಬಾರದು. ತೈಲದ ಹಣದಿಂದ ಕೊಬ್ಬಿದ ಕುವೈತಿಗೆ ತಕ್ಕ ಶಾಸ್ತಿಯಾಯಿತೆಂದವರೂ ಇದ್ದರು. ಪೆಟ್ರೋಲಿನ ಬೆಲೆ ಏರಿದಾಗ, ಸೀಮೆಎಣ್ಣೆಗೆ ಸಾಲು ಬೆಳೆದಾಗ ಮಾತ್ರ ಹೋಟೆಲಿನ ಸ್ವರ ತುಸು ತಗ್ಗಿತು. ಕೊಲ್ಲಿಯಿಂದ ಬರುವ ಹಣ ನಿಂತದ್ದು, ತೈಲದ ವೆಚ್ಚ ಏರಿದ್ದು ಇವೆರಡೂ ಮೊದಲೇ ಬಳಲಿದ್ದ ದೇಶದ ವಿದೇಶಿ ವಿನಿಮಯವನ್ನು ಬರಿದು ಮಾಡಿದವು. 1991ರಲ್ಲಿ ಸರ್ಕಾರ ಚಿನ್ನವನ್ನೇ ಅಡವಿಡಬೇಕಾಯಿತು.

ಮರಳಿ ಬಂದ ಚಾಲಕ ಒಮ್ಮೆ ಭದ್ರಾವತಿಯ ಹೋಟೆಲೊಂದರಲ್ಲಿ ಇಂಥ ಚರ್ಚೆಯ ನಡುವೆ ಸಿಕ್ಕಿಕೊಂಡ. ಗೆಳೆಯರು ಆತನ ಬೆನ್ನು ತಟ್ಟಿ, “ನೀನು ಕಣ್ಣಾರೆ ಕಂಡವನಲ್ಲವೇ? ಹೇಳಪ್ಪ, ಸದ್ದಾಂ ಗಂಡಸಲ್ಲವೇ?” ಎಂದರು. ಆತ ಲೋಟವನ್ನು ಕೆಳಗಿಟ್ಟು ಹೇಳಿದ್ದಿಷ್ಟು: “ನಮ್ಮ ಯಜಮಾನರ ಮಗನಿಗೆ ಹತ್ತೊಂಬತ್ತು ವರ್ಷ. ಸೈನಿಕರು ರಾತ್ರಿ ಬಂದು ಹಿಡಿದುಕೊಂಡು ಹೋದರು. ನಾನು ಕೋಣೆಯ ಕಿಟಕಿಯಲ್ಲಿ ನಿಂತು ನೋಡಿದೆ. ನನ್ನನ್ನೂ ಹೊರಗೆ ಕರೆದರು. ಪಾಸ್‌ಪೋರ್ಟ್ ತೋರಿಸಿದೆ. ‘ಹಿಂದೀ?’ ಎಂದು ಕೇಳಿ, ಬೆನ್ನು ತಟ್ಟಿ ಬಿಟ್ಟರು. ನೀವು ಈಗ ತಟ್ಟಿದಿರಲ್ಲ, ಹಾಗೆಯೇ.” ಮೇಜಿನ ಸುತ್ತ ಯಾರೂ ಮಾತನಾಡಲಿಲ್ಲ. ಆತ ಎದ್ದು ಹೊರಟ.

ಪಾಸ್‌ಪೋರ್ಟಿನ ಬೆಲೆ

ಆ ಬೆನ್ನು ತಟ್ಟುವಿಕೆಯ ಹಿಂದೆ ರಾಜಕಾರಣವಿತ್ತು. ಇರಾಕ್ ಭಾರತದ ಹಳೆಯ ಮಿತ್ರ. ನಮಗೆ ತೈಲ ಕೊಡುತ್ತಿದ್ದ ದೇಶ. ಆಕ್ರಮಣ ನಡೆದ ದಿನವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದನ್ನು ಖಂಡಿಸಿತಾದರೂ ವಿ. ಪಿ. ಸಿಂಗರ ಸರ್ಕಾರ ಇರಾಕನ್ನು ನೇರವಾಗಿ ಖಂಡಿಸಲು ಮೊದಮೊದಲು ಹಿಂಜರಿಯಿತು. ವಿದೇಶಾಂಗ ಸಚಿವ ಐ. ಕೆ. ಗುಜ್ರಾಲ್ ಬಾಗ್ದಾದಿಗೆ ತೆರಳಿ ಸದ್ದಾಂ ಹುಸೇನರನ್ನು ಕಂಡರು. ಅವರಿಬ್ಬರ ಆಲಿಂಗನದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಗಿ ಟೀಕೆಗೆ ಗುರಿಯಾಯಿತು. ನಮ್ಮ ಜನರನ್ನು ಬಿಡಿಸಿ ತರಲು ಅದು ಅನಿವಾರ್ಯವಾಗಿತ್ತೆಂಬುದು ಸಮರ್ಥನೆ. ಆ ಸಮರ್ಥನೆಯಲ್ಲಿ ಸತ್ಯವಿಲ್ಲವೆಂದು ಹೇಳಲಾಗದು. ನ್ಯೂಟೌನಿನ ಮನೆಯಲ್ಲಿ ಮೊಂತಿ ಹಬ್ಬದ ಎಲೆ ಕಡಿಮೆಯಾಗದಿದ್ದುದಕ್ಕೆ ಆ ಮೌನವೂ ಒಂದು ಕಾರಣ.

ಆದರೆ ಅದರ ಬೆಲೆ ತೆತ್ತವರು ಬೇರೆಯವರು. ಇರಾಕಿ ಸೇನೆ ಹಿಡಿದೊಯ್ದು ಹಿಂದಿರುಗದ ಕುವೈತಿನ ನಿವಾಸಿಗಳು 600ಕ್ಕೂ ಹೆಚ್ಚು. ಸದ್ದಾಂ ಪತನದ ನಂತರ ಇರಾಕಿನ ಮರಳಿನಡಿ ಕೆಲವರ ಅಸ್ಥಿಗಳು ದೊರೆತವು. ಎಷ್ಟೋ ಮನೆಗಳಿಗೆ ಅದೂ ದೊರೆಯಲಿಲ್ಲ. 1991ರ ಫೆಬ್ರವರಿಯಲ್ಲಿ ಸೋತು ಹಿಂದೆಗೆಯುವಾಗ ಆ ಸೇನೆ 600ಕ್ಕೂ ಮಿಕ್ಕಿದ ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಕೊನೆಯ ಬೆಂಕಿ ಆರಿದ್ದು ಅದೇ ವರ್ಷದ ನವೆಂಬರಿನಲ್ಲಿ.

ಮರಳಿದವರಿಗೆ ಪರಿಹಾರವಾದರೂ ದೊರೆಯಿತು. ಇರಾಕಿನ ತೈಲದ ಆದಾಯದಿಂದ ನಷ್ಟ ತುಂಬಿಕೊಡಲು ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಒಂದು ಆಯೋಗ ಸ್ಥಾಪಿಸಿತು. ಕುವೈತನ್ನು ತೊರೆಯಬೇಕಾದ ಒಬ್ಬ ವ್ಯಕ್ತಿಗೆ 2,500 ಅಥವಾ 4,000 ಡಾಲರು, ಕುಟುಂಬಕ್ಕೆ 5,000 ಅಥವಾ 8,000 ಡಾಲರು ಎಂದು ನಿಗದಿಯಾಯಿತು. ಭದ್ರಾವತಿಯ ಆ ಕುಟುಂಬಕ್ಕೆ ಹಣ ಕೈಸೇರಿದ್ದು 1990ರ ದಶಕದ ಕೊನೆಯಲ್ಲಿ. ಮನೆಗೆ ತಾರಸಿ ಬಂತು. ಆಯೋಗದ ಕೊನೆಯ ಕಂತು ಪಾವತಿಯಾದದ್ದು 2022ರ ಜನವರಿಯಲ್ಲಿ. ಒಟ್ಟು 52.4 ಶತಕೋಟಿ ಡಾಲರು. ಆಕ್ರಮಣದ ಲೆಕ್ಕ ಚುಕ್ತಾ ಆಗಲು 31 ವರ್ಷಗಳೇ ಸಂದವು.

ಅದೇ ಪ್ರಶ್ನೆ ಮತ್ತೆ

ಆ ಕೊನೆಯ ಕಂತಿನ ಮರು ತಿಂಗಳೇ, 2022ರ ಫೆಬ್ರವರಿ 24ರಂದು, ರಷ್ಯದ ಸೇನೆ ಉಕ್ರೇನನ್ನು ಹೊಕ್ಕಿತು. ಈ ಸಲ ವೈದ್ಯಶಿಕ್ಷಣಕ್ಕೆಂದು ಹೋಗಿದ್ದ ಮಕ್ಕಳ ಸರದಿ. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮಾರ್ಚ್ 21ರಂದು ಮಗನ ದೇಹ ಊರಿಗೆ ಬಂದಾಗ ತಾಯಿತಂದೆ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಿತ್ತರು. ವೈದ್ಯನಾಗಿ ಬರಬೇಕಿದ್ದ ಮಗ ವೈದ್ಯರಾಗುವವರಿಗೆ ಪಾಠವಾದ. ಆ ದಂಪತಿಗಳ ಮುಂದೆ ನಾಡೇ ತಲೆಬಾಗಿತು.

ಈ ಬಾರಿಯೂ ಸರ್ಕಾರ ಸುಮಾರು 22,500 ಮಂದಿಯನ್ನು ಕ್ಷೇಮವಾಗಿ ಕರೆತಂದಿತು. ಈ ಬಾರಿಯೂ ಆಕ್ರಮಣಕಾರ ನಮ್ಮ ಹಳೆಯ ಮಿತ್ರ. ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ರಾಷ್ಟ್ರಗಳು ಆಕ್ರಮಣವನ್ನು ವಿರೋಧಿಸಿ ಮತ ನೀಡಿದಾಗ, ತಟಸ್ಥವಾಗುಳಿದ 35 ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು. ಅದೇ ದಿನ ವಿಭೂತಿ ಬುಧವಾರ; ಉಕ್ರೇನಿನ ಶಾಂತಿಗಾಗಿ ಉಪವಾಸ ಪ್ರಾರ್ಥನೆ ಮಾಡಿರೆಂದು ಪೋಪ್ ಫ್ರಾನ್ಸಿಸ್ ಕರೆಕೊಟ್ಟಿದ್ದ ದಿನ.

ಬೈಬಲಿನ ಅರಸರ ಗ್ರಂಥದಲ್ಲಿ ನಾಬೋತನ ದ್ರಾಕ್ಷಿತೋಟದ ವೃತ್ತಾಂತವಿದೆ. ಅರಮನೆಯ ಮಗ್ಗುಲಲ್ಲಿದ್ದ ಬಡವನ ತೋಟಕ್ಕೆ ಅಹಾಬ ಅರಸ ಆಸೆಪಟ್ಟ. ನಾಬೋತ ಕೊಡೆನೆಂದ. ರಾಣಿ ಈಜೆಬೆಲ್ ಊರಿನ ಹಿರಿಯರಿಗೆ ಪತ್ರ ಬರೆದಳು. ಸುಳ್ಳು ಸಾಕ್ಷಿ ನಿಂತಿತು. ನಾಬೋತ ಕಲ್ಲೇಟಿಗೆ ಸತ್ತ. ಈ ಕಥೆಯಲ್ಲಿ ನಾವು ಅಹಾಬನನ್ನೂ ಈಜೆಬೆಲಳನ್ನೂ ಶಪಿಸಿ ಮುಂದೆ ಹೋಗುತ್ತೇವೆ. ಪತ್ರ ಓದಿ ಬಾಯಿಮುಚ್ಚಿಕೊಂಡು ಹೇಳಿದಂತೆ ನಡೆದ ಆ ಹಿರಿಯರನ್ನು ಗಮನಿಸುವುದಿಲ್ಲ. ಅವರಿಗೂ ಮನೆಮಕ್ಕಳಿದ್ದರು. ಅವರಿಗೂ ಕಾರಣಗಳಿದ್ದವು.

ರಾಷ್ಟ್ರವನ್ನು ನಡೆಸುವವರಿಗೆ ನೂರು ಇಕ್ಕಟ್ಟುಗಳಿರಬಹುದು. ತಮ್ಮ ಪ್ರಜೆಗಳನ್ನು ಮೊದಲು ಕಾಪಾಡುವುದು ಅವರ ಕರ್ತವ್ಯವೂ ಹೌದು. ಆದರೆ ಸರ್ಕಾರದ ಮೌನವನ್ನು ಸಾಮಾನ್ಯನೂ ಎರವಲು ಪಡೆಯಬೇಕೇ? ಹೋಟೆಲಿನ ಮೇಜಿನ ಮುಂದೆ, ಚರ್ಚಿನ ಅಂಗಳದಲ್ಲಿ, ಮನೆಯ ಜಗಲಿಯಲ್ಲಿ ನಮ್ಮ ಬಾಯಿಗೆ ಯಾವ ರಾಜತಂತ್ರದ ಬೀಗವೂ ಇಲ್ಲ. ಗದ್ದೆಯ ಬದುವನ್ನು ಒಂದು ಮೊಳ ಒತ್ತಿದವನನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಳ್ಳನೆನ್ನುತ್ತಾರೆ. ದೇಶವನ್ನೇ ಒತ್ತಿದವನನ್ನು ಗಂಡೆದೆಯವನೆಂದು ಹೊಗಳುವ ನಾಲಿಗೆ ನಮಗೆ ಎಲ್ಲಿಂದ ಬಂತು?

2022ರ ಮಾರ್ಚ್ 6, ತಪಸ್ಸುಕಾಲದ ಮೊದಲ ಭಾನುವಾರ. ಭದ್ರಾವತಿಯಲ್ಲಿ ಬಲಿಪೂಜೆಯ ವೇಳೆ ಉಕ್ರೇನಿನಲ್ಲಿ ಸಿಲುಕಿರುವ ನಮ್ಮ ಮಕ್ಕಳು ಸುರಕ್ಷಿತವಾಗಿ ಮರಳಲೆಂದು ವಿಶ್ವಾಸಿಗಳು ಪ್ರಾರ್ಥಿಸಿದರು. ಪೂಜೆ ಮುಗಿದ ಮೇಲೆ ತಲೆ ನರೆತ ವ್ಯಕ್ತಿಯೊಬ್ಬರು ಗುರುಗಳ ಬಳಿಗೆ ಬಂದರು. ಕುವೈತಿನಿಂದ ಮರಳಿದ್ದ ಅದೇ ಚಾಲಕ.

“ಫಾದರ್, ಮುಂದಿನ ವಾರ ಒಂದು ಪ್ರಾರ್ಥನೆ ಹೆಚ್ಚಿಗೆ ಸೇರಿಸುತ್ತೀರಾ? ನಮ್ಮ ಮಕ್ಕಳಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಮನೆಯವರಿಗಾಗಿ. ಅವರಿಗೆ ಓಡಿಹೋಗಲು ಇನ್ನೊಂದು ದೇಶ ಇಲ್ಲವಲ್ಲ.”

ಗುರುಗಳು ಒಪ್ಪಿದರು. ಮರುವಾರ ಆ ಪ್ರಾರ್ಥನೆಯನ್ನು ಓದಲು ಅವರನ್ನೇ ಕರೆದರು.