ಸ್ಕ್ರೀನ್ ಮುಂದೆ ಕಣ್ಣು ಯಾಕೆ ಉರಿಯುತ್ತೆ? ನೀಲಿ ಬೆಳಕಿನ ಕನ್ನಡಕ ಬೇಕಾ?

 

ಸಂಜೆ ಆಗ್ತಿದ್ದ ಹಾಗೆ ಕಣ್ಣು ಉರಿಯೋದು, ಒಳಗೆ ಮರಳು ಬಿದ್ದ ಹಾಗೆ ಚುಚ್ಚೋದು, ಓದ್ತಾ ಓದ್ತಾ ಅಕ್ಷರ ಮಂಜಾಗೋದು, ಹುಬ್ಬಿನ ಮೇಲೆ ಸಣ್ಣಗೆ ತಲೆನೋವು ಶುರುವಾಗೋದು. ಇದರಲ್ಲಿ ಒಂದಾದರೂ ನಿಮಗೆ ಪರಿಚಯ ಇರುತ್ತೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಐಟಿ ಉದ್ಯೋಗಿಗಳ ಕಾಯಿಲೆ ಇದು ಅಂತ ಮೊದಲು ಅನ್ನಿಸ್ತಿತ್ತು. ಈಗ ಬ್ಯಾಂಕ್ ಕೌಂಟರ್‌ನಲ್ಲಿ ಇರುವವರು, ಪರೀಕ್ಷೆಗೆ ಮೊಬೈಲ್‌ನಲ್ಲೇ ಓದುವ ಹುಡುಗರು, ಮಧ್ಯಾಹ್ನ ಕೆಲಸ ಮುಗಿಸಿ ರೀಲ್ಸ್ ನೋಡುವ ಅಮ್ಮಂದಿರು, ಎಲ್ಲರೂ ಇದನ್ನೇ ಹೇಳ್ತಾರೆ. ವೈದ್ಯರು ಇದನ್ನು ‘ಡಿಜಿಟಲ್ ಐ ಸ್ಟ್ರೇನ್’ ಎನ್ನುತ್ತಾರೆ. ನಾವು ಸರಳವಾಗಿ ಕಣ್ಣಿನ ದಣಿವು ಅನ್ನೋಣ.

ದಣಿವು ಶುರುವಾದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಕನ್ನಡಕದ ಅಂಗಡಿಗೆ ಹೋಗಿ ಹೆಚ್ಚಿನ ದುಡ್ಡು ಕೊಟ್ಟು ‘ಬ್ಲೂ ಕಟ್’ ಗಾಜು ಹಾಕಿಸ್ತೀವಿ. ಇಲ್ಲಾಂದ್ರೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಯಾವುದೋ ಡ್ರಾಪ್ಸ್ ತರ್ತೀವಿ. ಮೊದಲನೆಯದರಿಂದ ಜೇಬಿಗೆ ನಷ್ಟ, ಎರಡನೆಯದರಿಂದ ಕೆಲವೊಮ್ಮೆ ಕಣ್ಣಿಗೇ ನಷ್ಟ. ಯಾಕೆ ಅಂತ ಅರ್ಥ ಆಗಬೇಕಾದರೆ, ಸ್ಕ್ರೀನ್ ನೋಡುವಾಗ ಕಣ್ಣಿನೊಳಗೆ ಏನಾಗುತ್ತೆ ಅಂತ ಮೊದಲು ತಿಳ್ಕೋಬೇಕು.

ರೆಪ್ಪೆ ಬಡಿಯೋದನ್ನೇ ಮರೆಯುತ್ತೇವೆ

ಸುಮ್ಮನೆ ಕೂತು ಹರಟೆ ಹೊಡೆಯುವಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ಮೇಲೆ ಗಮನವಿಟ್ಟಾಗ ಅದು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತೆ. ಬಡಿದರೂ ಪೂರ್ತಿ ಬಡಿಯೋದಿಲ್ಲ. ಮೇಲಿನ ರೆಪ್ಪೆ ಅರ್ಧಕ್ಕೆ ಬಂದು ವಾಪಸ್ ಹೋಗುತ್ತೆ.

ಇದರಿಂದ ಏನು ತೊಂದರೆ? ನಮ್ಮ ಕಣ್ಣಿನ ಮೇಲೆ ಸದಾ ಕಣ್ಣೀರಿನ ತೆಳುವಾದ ಪದರ ಇರುತ್ತೆ. ಅದರಲ್ಲಿ ಹೆಚ್ಚಿನ ಪಾಲು ನೀರು. ಆ ನೀರು ಕಣ್ಣಿಗೆ ಅಂಟಿಕೊಳ್ಳಲು ಕೆಳಗೆ ಲೋಳೆಯಂಥ ಅಂಶ, ಆರಿಹೋಗದ ಹಾಗೆ ಮೇಲೆ ಎಣ್ಣೆಯ ಅಂಶ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳಿಂದ. ಪೂರ್ತಿ ರೆಪ್ಪೆ ಬಡಿದಾಗ ಎಣ್ಣೆ ಹೊರಬಂದು ಕಣ್ಣಿನ ತುಂಬ ಹರಡುತ್ತೆ. ಬಡಿಯದೇ ಇದ್ದರೆ ನೀರು ಬೇಗ ಆರುತ್ತೆ. ಉರಿ, ಚುಚ್ಚುವಿಕೆ, ಕೆಂಪು, ಮಂಜು ಎಲ್ಲ ಅಲ್ಲಿಂದಲೇ. ಕೆಲವರಿಗೆ ಕಣ್ಣಲ್ಲಿ ನೀರು ಸುರಿಯುತ್ತೆ. ‘ನೀರು ಬರ್ತಿದೆ, ಒಣಗೋದು ಹೇಗೆ?’ ಅಂತ ಕೇಳಬಹುದು. ಒಣಗಿದ ಕಣ್ಣು ಕೆರಳಿ, ತನ್ನನ್ನು ತಾನು ಕಾಪಾಡಿಕೊಳ್ಳಲು ಸುರಿಸುವ ನೀರು ಅದು.

ಎರಡನೇ ಕಾರಣ ಸ್ನಾಯು. ಹತ್ತಿರದ ವಸ್ತು ನೋಡುವಾಗ ಕಣ್ಣಿನೊಳಗಿನ ಒಂದು ಸ್ನಾಯು ಬಿಗಿಯಾಗಿ ಮಸೂರವನ್ನು ಉಬ್ಬಿಸುತ್ತೆ. ಜೊತೆಗೆ ಎರಡೂ ಕಣ್ಣುಗಳು ಮೂಗಿನ ಕಡೆ ಸ್ವಲ್ಪ ತಿರುಗಬೇಕು. ವಸ್ತು ಹತ್ತಿರ ಬಂದಷ್ಟೂ ಈ ಕೆಲಸ ಹೆಚ್ಚು. ಕೊಡ ಎತ್ತೋದು ಕಷ್ಟ ಅಲ್ಲ, ಎತ್ತಿದ ಕೊಡವನ್ನು ಗಂಟೆಗಟ್ಟಲೆ ಹಾಗೇ ಹಿಡಿದು ನಿಲ್ಲೋದು ಕಷ್ಟ ಅಲ್ವಾ? ಇಲ್ಲೂ ಅಷ್ಟೇ.

ಹಾಗಾದರೆ ನೀಲಿ ಬೆಳಕು?

ಈಗ ನೋಡಿ, ಉರಿ ಬಂದದ್ದು ಕಣ್ಣು ಒಣಗಿದ್ದರಿಂದ, ನೋವು ಬಂದದ್ದು ಸ್ನಾಯು ದಣಿದಿದ್ದರಿಂದ. ಇವೆರಡಕ್ಕೂ ಗಾಜಿನ ಮೇಲಿನ ನೀಲಿ ಲೇಪನ ಏನು ಮಾಡೀತು? 2023ರಲ್ಲಿ ಕಾಕ್ರೇನ್ ಸಂಸ್ಥೆ 17 ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ ವರದಿ ಪ್ರಕಟಿಸಿತು. ಸಾಮಾನ್ಯ ಗಾಜಿಗೆ ಹೋಲಿಸಿದರೆ ನೀಲಿ ಬೆಳಕು ತಡೆಯುವ ಗಾಜಿನಿಂದ ಕಂಪ್ಯೂಟರ್ ಬಳಕೆಯ ದಣಿವು, ಕಡಿಮೆ ಅವಧಿಯಲ್ಲಂತೂ, ಕಮ್ಮಿ ಆಗುವ ಸಾಧ್ಯತೆ ಕಾಣೋದಿಲ್ಲ ಎಂಬುದು ಅದರ ತೀರ್ಮಾನ. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಕೂಡ ಕಂಪ್ಯೂಟರ್ ಬಳಕೆಗೆಂದು ಇಂಥ ಕನ್ನಡಕವನ್ನು ಶಿಫಾರಸು ಮಾಡೋದಿಲ್ಲ. ಇನ್ನೊಂದು ಮಾತು: ಸ್ಕ್ರೀನ್‌ನಿಂದ ಬರುವ ನೀಲಿ ಬೆಳಕು ಬಿಸಿಲಿನಲ್ಲಿ ಇರುವುದಕ್ಕಿಂತ ತುಂಬಾ ಕಡಿಮೆ. ಈಗಾಗಲೇ ಹಾಕಿಸಿಕೊಂಡಿದ್ದರೆ ಎಸೆಯಬೇಕಿಲ್ಲ. ಆದರೆ ‘ಬ್ಲೂ ಕಟ್ ಇದೆಯಲ್ಲ’ ಅಂತ ನಾಲ್ಕು ಗಂಟೆ ಒಂದೇ ಸಮ ಕೂತರೆ ಉರಿ ಬಂದೇ ಬರುತ್ತೆ.

ದುಡ್ಡಿಲ್ಲದೆ ಮಾಡಬಹುದಾದದ್ದು

ಮೊದಲನೆಯದು, 20-20-20. ಪ್ರತಿ 20 ನಿಮಿಷಕ್ಕೊಮ್ಮೆ, ಕನಿಷ್ಠ 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವುದು. 20 ಅಡಿ ಅಂದರೆ ಸುಮಾರು ಆರು ಮೀಟರ್. ಅಷ್ಟು ದೂರ ನೋಡುವಾಗ ನಾನು ಹೇಳಿದ ಸ್ನಾಯು ಹೆಚ್ಚುಕಡಿಮೆ ಪೂರ್ತಿ ಸಡಿಲ ಆಗುತ್ತೆ. ರೂಮ್ ಸಣ್ಣದಾದರೆ ಕಿಟಕಿಯಿಂದಾಚೆ ಎದುರು ಮನೆಯ ತೆಂಗಿನಮರ ನೋಡಿ. ಕಂಪ್ಯೂಟರ್ ಬಿಟ್ಟು ಮೊಬೈಲ್ ನೋಡಿದರೆ ಅದು ವಿರಾಮ ಅಲ್ಲ, ಕಣ್ಣಿಗೆ ಇನ್ನೂ ಹತ್ತಿರದ ಕೆಲಸ.

ಎರಡನೆಯದು, ಆ 20 ಸೆಕೆಂಡ್‌ನಲ್ಲೇ ಐದಾರು ಸಲ ನಿಧಾನವಾಗಿ ಪೂರ್ತಿ ಕಣ್ಣು ಮುಚ್ಚಿ, ಒಂದು ಕ್ಷಣ ಬಿಟ್ಟು ತೆರೆಯಿರಿ. ಹಿಂಡಿ ಮುಚ್ಚಬೇಡಿ, ಮೆತ್ತಗೆ ಸಾಕು.

ಮೂರನೆಯದು, ಸ್ಕ್ರೀನ್ ಇಡುವ ಜಾಗ. ಕಂಪ್ಯೂಟರ್ ಒಂದು ತೋಳಿನಷ್ಟು ದೂರ ಇರಲಿ, 50ರಿಂದ 70 ಸೆಂಟಿಮೀಟರ್. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ. ದೃಷ್ಟಿ ಕೆಳಮುಖವಾಗಿದ್ದಾಗ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚಿಕೊಂಡಿರುತ್ತೆ, ಕಣ್ಣೀರು ಕಡಿಮೆ ಆರುತ್ತೆ. ಅಕ್ಷರ ಕಾಣೋದಿಲ್ಲ ಅಂತ ಮುಖ ಹತ್ತಿರ ತರುವ ಬದಲು ಅಕ್ಷರವನ್ನೇ ದೊಡ್ಡದು ಮಾಡಿ.

ನಾಲ್ಕನೆಯದು, ಬೆಳಕು ಮತ್ತು ಗಾಳಿ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು ನೋಡಿ. ಪರದೆ ದೀಪದ ಹಾಗೆ ಹೊಳೆದರೆ ಬ್ರೈಟ್‌ನೆಸ್ ಜಾಸ್ತಿ, ಮಂಕಾಗಿ ಬೂದು ಕಂಡರೆ ಕಡಿಮೆ. ಹಾಳೆಯಷ್ಟೇ ಬೆಳಕಿದ್ದರೆ ಸರಿ. ಕಿಟಕಿ ಪರದೆಯ ಹಿಂದೆ ಅಥವಾ ನಿಮ್ಮ ಬೆನ್ನ ಹಿಂದೆ ಬರದೆ ಪಕ್ಕಕ್ಕೆ ಬರಲಿ. ಫ್ಯಾನ್, ಎಸಿ ಗಾಳಿ ನೇರ ಮುಖಕ್ಕೆ ಹೊಡೆಯದಿರಲಿ.

ನಲವತ್ತು ದಾಟಿದವರಿಗೆ, ಮಕ್ಕಳಿಗೆ

ಹಲವು ಸಲ ದೂರು ಸ್ಕ್ರೀನ್ ಮೇಲೆ, ಕಾರಣ ಮಾತ್ರ ಬೇರೆ. ನಲವತ್ತರ ಹೊತ್ತಿಗೆ ಮಸೂರ ಗಟ್ಟಿಯಾಗಿ ಹತ್ತಿರದ ಅಕ್ಷರ ಕಷ್ಟ ಆಗುತ್ತೆ. ನಮ್ಮ ಹಿರಿಯರು ಈ ಕನ್ನಡಕಕ್ಕೆ ಸುಮ್ಮನೆ ‘ಚಾಳೀಸು’ ಅಂತ ಹೆಸರಿಡಲಿಲ್ಲ. ಚಾಳೀಸು ಅಂದರೆ ನಲವತ್ತು. ಮೊಬೈಲನ್ನು ದೂರ ದೂರ ಹಿಡಿದು ಓದ್ತಿದ್ದೀರಿ ಅಂದರೆ ಬೇಕಾಗಿರುವುದು ನೀಲಿ ಗಾಜಲ್ಲ, ಸರಿಯಾದ ನಂಬರ್. ಪರೀಕ್ಷೆಗೆ ಹೋದಾಗ ನೀವು ಕಂಪ್ಯೂಟರನ್ನು ಎಷ್ಟು ದೂರದಲ್ಲಿ ನೋಡ್ತೀರಿ ಅನ್ನೋದನ್ನೂ ಹೇಳಿ. ಪುಸ್ತಕದ ದೂರಕ್ಕೆ ಕೊಟ್ಟ ನಂಬರ್ ಕಂಪ್ಯೂಟರ್ ದೂರಕ್ಕೆ ಸರಿಹೋಗದೇ ಇರಬಹುದು. ಬೈಫೋಕಲ್ ಹಾಕಿಕೊಂಡು ಗದ್ದ ಎತ್ತಿ ಪರದೆ ನೋಡುವವರಿಗೆ ಕತ್ತು ನೋವು ಬರುವುದು ಇದಕ್ಕೇ.

ಮಕ್ಕಳ ವಿಷಯ ಇನ್ನೂ ಗಂಭೀರ. ದೊಡ್ಡವರ ದಣಿವು ವಿಶ್ರಾಂತಿಯಿಂದ ಇಳಿಯುತ್ತೆ. ಬೆಳೆಯುವ ಮಕ್ಕಳಲ್ಲಿ ಕಣ್ಣುಗುಡ್ಡೆ ಮಿತಿ ಮೀರಿ ಉದ್ದವಾದರೆ ಸಮೀಪದೃಷ್ಟಿ ಬರುತ್ತೆ, ಅದು ವಾಪಸ್ ಹೋಗೋದಿಲ್ಲ. ನಂಬರ್ ತುಂಬಾ ಹೆಚ್ಚಿದರೆ ಮುಂದೆ ಅಕ್ಷಿಪಟಲಕ್ಕೆ ಅಪಾಯ. ಸದಾ ಹತ್ತಿರ ನೋಡುವುದು, ಹೊರಗೆ ಹೋಗದಿರುವುದು, ಇವೆರಡಕ್ಕೂ ಇದರೊಂದಿಗೆ ನಂಟಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದರು. ಹಾಗೆ ಆಡಿದವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ 30ರಷ್ಟು ಮಕ್ಕಳಿಗೆ, ಉಳಿದವರಲ್ಲಿ ಸುಮಾರು ಶೇ 40ರಷ್ಟು ಮಕ್ಕಳಿಗೆ. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ತೈವಾನ್‌ನ ಶಾಲೆಗಳಲ್ಲಿ 2010ರಿಂದಲೇ ದಿನಕ್ಕೆ 120 ನಿಮಿಷ ಹೊರಗಿರಲು ಉತ್ತೇಜಿಸುವ ಕಾರ್ಯಕ್ರಮ ಇದೆ. ನಮ್ಮಲ್ಲಿ ಆಟದ ಪೀರಿಯಡ್ ಕಿತ್ತುಕೊಂಡು ಗಣಿತ ಮಾಡಿಸುವ ಶಾಲೆಗಳು ಇದನ್ನು ಗಮನಿಸಬೇಕು. ಇನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಮಗು ಟಿ.ವಿ. ಹತ್ತಿರ ಹೋಗಿ ಕೂತರೆ, ಬೋರ್ಡ್ ನೋಡಲು ಕಣ್ಣು ಕಿರಿದು ಮಾಡಿದರೆ ಬೈಯಬೇಡಿ, ಕಣ್ಣು ಪರೀಕ್ಷೆ ಮಾಡಿಸಿ.

ಡ್ರಾಪ್ಸ್ ಬಗ್ಗೆ ಎಚ್ಚರ

ಕಣ್ಣು ಒಣಗುವವರಿಗೆ ‘ಕೃತಕ ಕಣ್ಣೀರು’ ಎಂಬ ಡ್ರಾಪ್ಸ್ ಇದೆ, ವೈದ್ಯರು ಹೇಳಿದರೆ ಬಳಸಬಹುದು. ಆದರೆ ಕೆಂಪು ಬೇಗ ಇಳಿಯುತ್ತೆ ಅಂತ ಸ್ಟಿರಾಯ್ಡ್ ಇರುವ ಡ್ರಾಪ್ಸ್ ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ಹಾಕಬೇಡಿ. ಅದರಿಂದ ಕಣ್ಣಿನ ಒತ್ತಡ ಏರಿ ಗ್ಲುಕೋಮಾ ಬರಬಹುದು, ಪೊರೆಯೂ ಬರಬಹುದು. ಗ್ಲುಕೋಮಾದಿಂದ ಹೋದ ದೃಷ್ಟಿ ಮತ್ತೆ ಬರೋದಿಲ್ಲ.

ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಕಂಡರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಒಂದು ಎರಡಾಗಿ ಕಂಡರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಜೋರು ನೋವು ಬಂದರೆ ಅಥವಾ ದಿಢೀರ್ ದೃಷ್ಟಿ ಕಡಿಮೆಯಾದರೆ ಅದನ್ನು ಸ್ಕ್ರೀನ್ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ, ತಡಮಾಡದೆ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಜಿಲ್ಲಾಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ, ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ.

  ಇದನ್ನು ಕೇಳದೆ ಓದುತ್ತಿರುವವರು ಈಗ ಫೋನ್ ಕೆಳಗಿಟ್ಟು, ಒಂದ್ಸಲ ಕಿಟಕಿಯಾಚೆ ನೋಡಿ.