ನಿಸ್ತಂತು ವಂಚನೆಯಲ್ಲಿ ಗಣಕಯಂತ್ರದ ಪಾತ್ರ

ಗೂಢಲಿಪಿಯ ಸಂದೇಶವನ್ನು ಬಿಡಿಸಿ ಓದಲಾರದವನೂ ಅದು ಎಲ್ಲಿಂದ ಹೊರಟಿತು, ಎಷ್ಟು ಹೊತ್ತು ನಡೆಯಿತು ಎಂಬುದನ್ನು ಅರಿಯಬಲ್ಲನು. ಒಂದು ಕೇಂದ್ರಕ್ಕೆ ಹತ್ತು ಕೇಂದ್ರಗಳು ಪದೇಪದೇ ವರದಿ ಒಪ್ಪಿಸುತ್ತಿದ್ದರೆ ಅದು ದಂಡಿನ ಮುಖ್ಯಸ್ಥಾನವೆಂದು ಊಹಿಸುವುದು ಕಷ್ಟವಲ್ಲ. ನಿಸ್ತಂತು ವಂಚನೆಯ ಬುನಾದಿಯು ಈ ಊಹೆಯೇ ಆಗಿದೆ. 1944ರಲ್ಲಿ ಇಂಗ್ಲೆಂಡಿನ ಆಗ್ನೇಯದಲ್ಲಿ ಜನರಲ್ ಪ್ಯಾಟನ್ನನ ಹೆಸರಿನಲ್ಲಿ, ಬಹುಮಟ್ಟಿಗೆ ಕಲ್ಪಿತವಾದ ಸೇನೆಯೊಂದರ ಹುಸಿ ಸಂಭಾಷಣೆ ಆಕಾಶವನ್ನು ತುಂಬಿತು. ಇತರ ಉಪಾಯಗಳೂ ಇದಕ್ಕೆ ನೆರವಾದುವು. ನಾರ್ಮಂಡಿಯಲ್ಲಿ ಸೇನೆ ಇಳಿದ ಮೇಲೂ ಜರ್ಮನರು ಕೆಲವು ವಾರ ಕಲೇಯ ಬಳಿಯಲ್ಲಿಯೇ ಗಣನೀಯ ಬಲವನ್ನು ಕಾದಿರಿಸಿದ್ದರು.

ಅಂದು ಗುಮಾಸ್ತರು ಕೈಯಿಂದ ರಚಿಸುತ್ತಿದ್ದ ಹುಸಿ ಸಂದೇಶಗಳ ಪಟ್ಟಿಯನ್ನು ಇಂದು ಗಣಕಯಂತ್ರವು ಸಿದ್ಧಪಡಿಸಬಲ್ಲದು. ನಿಜವಾದ ದಳವು ಯಾವ ವೇಳೆಯಲ್ಲಿ ಎಷ್ಟು ಮಾತನಾಡುತ್ತದೆ, ಉತ್ತರಕ್ಕೆ ಎಷ್ಟು ವಿಳಂಬವಾಗುತ್ತದೆ ಎಂಬುದನ್ನು ಅದು ಮೊದಲು ಎಣಿಸಿ, ಅದೇ ಪ್ರಮಾಣದಲ್ಲಿ ಹುಸಿಯನ್ನು ಹೆಣೆಯುತ್ತದೆ. ಇಲ್ಲಿ ಅತಿಯಾದ ಅಚ್ಚುಕಟ್ಟೇ ದೋಷ. ಸೈನಿಕರು ತಡವರಿಸುತ್ತಾರೆ, ಕೇಳಿಸಲಿಲ್ಲ ಮತ್ತೊಮ್ಮೆ ಹೇಳಿರೆನ್ನುತ್ತಾರೆ. ಈ ಅವ್ಯವಸ್ಥೆಯನ್ನೂ ಲೆಕ್ಕಹಾಕಿಯೇ ಬೆರಸಬೇಕು.

ಕಷ್ಟವಿರುವುದು ದಿಕ್ಕನ್ನು ಅಳೆಯುವವನನ್ನು ಮೋಸಗೊಳಿಸುವುದರಲ್ಲಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೊಂದು ಪ್ರೇಷಕವಿದ್ದು, ಗುಂಡ್ಲುಪೇಟೆ ಮತ್ತು ಚಾಮರಾಜನಗರಗಳಲ್ಲಿ ಆಲಿಸುವವರಿದ್ದಾರೆಂದು ಭಾವಿಸೋಣ. ನಕ್ಷೆಯನ್ನು ತೆರೆದರೆ ಮೂರೂ ಸ್ಥಳಗಳು ನೈಋತ್ಯದಿಂದ ಈಶಾನ್ಯಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುವುದು ಕಾಣುತ್ತದೆ. ಎರಡು ದಿಗ್ರೇಖೆಗಳೂ ಬಹು ಕಿರಿದಾದ ಕೋನದಲ್ಲಿ ಸಂಧಿಸುವುದರಿಂದ, ಅಳತೆಯಲ್ಲಿ ಒಂದೆರಡು ಡಿಗ್ರಿ ತಪ್ಪಿದರೂ ಸಂಧಿಸ್ಥಾನವು ಮೈಲಿಗಟ್ಟಲೆ ಸರಿಯುತ್ತದೆ. ನಂಜನಗೂಡಿನಲ್ಲಿ ಮೂರನೆಯವನು ಕುಳಿತನೆಂದರೆ ಆ ಅನಿಶ್ಚಯ ಬಹಳಷ್ಟು ಕುಗ್ಗುವುದು. ಹುಸಿ ಪ್ರೇಷಕವನ್ನು ಎಲ್ಲಿ ನಿಲ್ಲಿಸಿದರೆ ಶತ್ರುವಿನ ರೇಖೆಗಳು ಹೀಗೆ ಕೂಡುವುವೆಂಬ ಗಣನೆಯನ್ನು ಕೈಯಿಂದ ಮಾಡುವುದಕ್ಕೆ ಬೇಕಾಗುವ ಹೊತ್ತಿನಲ್ಲಿ ಯಂತ್ರವು ನೂರಾರು ನಿಲ್ದಾಣಗಳನ್ನು ಪರೀಕ್ಷಿಸುತ್ತದೆ. ಆದರೆ ಎದುರಾಳಿಯ ಯಂತ್ರವೂ ಸುಮ್ಮನಿರುವುದಿಲ್ಲ. ಪ್ರತಿಯೊಂದು ಪ್ರೇಷಕಕ್ಕೂ ಆವರ್ತನದಲ್ಲಿ ತನ್ನದೇ ಆದ ಸಣ್ಣ ವಿಚಲನೆಯುಂಟು. ಅದನ್ನು ಗುರುತಿಸಿದವನಿಗೆ ಹತ್ತು ದಳಗಳ ಸೋಗು ಒಂದೇ ಲಾರಿಯಿಂದ ಬಂದುದೆಂದು ತಿಳಿದುಬಿಡುವುದು.

ಇಂತಹ ವಿದ್ಯೆಯು ನಮ್ಮ ನಾಡಿಗೆ ದೂರದ್ದೇನೂ ಅಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ರಕ್ಷಣಾ ಸಂಶೋಧನಾ ಸಂಸ್ಥೆಯೊಡನೆ ಸೇರಿ ಭೂಸೇನೆಗಾಗಿ 'ಸಂಯುಕ್ತ' ಎಂಬ ವಿದ್ಯುನ್ಮಾನ ಸಮರವ್ಯವಸ್ಥೆಯನ್ನು ರೂಪಿಸಿದೆ.

ಒಂದು ಮಿತಿಯನ್ನು ಮಾತ್ರ ಯಂತ್ರವು ತಾನಾಗಿ ಅರಿಯಲಾರದು. 1907ರ ಹೇಗ್ ನಿಯಮಾವಳಿಯು ಯುದ್ಧದಲ್ಲಿ ಕಪಟೋಪಾಯಗಳನ್ನು ಒಪ್ಪುತ್ತದೆ; ಸಂಧಾನ ಧ್ವಜದ ಅಥವಾ ರೆಡ್ ಕ್ರಾಸ್ ಲಾಂಛನದ ದುರುಪಯೋಗವನ್ನು ನಿಷೇಧಿಸುತ್ತದೆ. ಗಾಯಾಳುಗಳನ್ನು ಒಯ್ಯುವ ದಳದ ಸಂಭಾಷಣೆಯೂ ಯಂತ್ರಕ್ಕೆ ಅನುಕರಣೀಯವಾದ ಮತ್ತೊಂದು ಮಾದರಿಯಷ್ಟೆ. ಪಟ್ಟಿಯಿಂದ ಅದನ್ನು ಮೊದಲೇ ತೆಗೆದುಹಾಕುವ ಹೊಣೆ ಕ್ರಮವಿಧಿಯನ್ನು ಬರೆಯುವವನದು.